ತೊಳೆದಿಟ್ಟ ಗೆಡ್ಡೆ

ಮೊದಲನೇ ಕವರು ಬಿಚ್ಚಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಗೆಡ್ಡೆಯಲ್ಲ, ಕಂದು ಬಣ್ಣದ ಲೋಳೆ. ಎರಡು ಬೆರಳಲ್ಲಿ ಎತ್ತಲು ಹೋದರೆ ಸಿಪ್ಪೆ ಮಾತ್ರ ಕೈಗೆ ಬಂತು, ತಿರುಳೆಲ್ಲ ಪಿಚಕ್ಕನೆ ಕವರಿನೊಳಕ್ಕೆ ಜಾರಿತು. "ಅಯ್ಯೋ" ಎಂದಳು ತಂಗಿ. ಎರಡನೆಯದನ್ನು ಬಿಚ್ಚಿ "ಅಯ್ಯಯ್ಯೋ" ಎಂದಳು. ಮೂರನೆಯದಕ್ಕೆ ಬಾಯಿಂದ ಸ್ವರವೇ ಹೊರಡಲಿಲ್ಲ.

ತಂಗಿ ಎಂದರೆ ಎಳೆಯ ಹುಡುಗಿ ಅಂದುಕೊಂಡೀರಿ. ಐವತ್ತೆಂಟು ತುಂಬಿದ ಹೆಂಗಸು. ಮೆಟ್ಟಿಲಿಳಿದರೆ ಮೊಣಕಾಲು ಕಟಕಟ ಎನ್ನುತ್ತದೆ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಲಾಂಡ್ರಿ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಆದರೆ ಮಹಡಿಯ ಮೇಲೆ ಹಾಸಿಗೆ ಹಿಡಿದು ಮಲಗಿದ್ದವಳು ಅವಳಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಆದ್ದರಿಂದ ಅಕ್ಕ ಇರುವ ತನಕ ಇವಳು ತಂಗಿಯೇ. ಮನೆ ಎಂದರೆ ಒಂದರ ಮೇಲೊಂದು ಕೂತ ಮೂರು ಕೋಣೆ. ಮೇಲೆ ಅಕ್ಕ ತಂಗಿಯರ ವಾಸ, ರಸ್ತೆಯ ಮಟ್ಟದಲ್ಲಿ ಲಾಂಡ್ರಿ, ಅದರಡಿಯಲ್ಲಿ ಈ ನೆಲಮಾಳಿಗೆ. ನೆಲಮಾಳಿಗೆಯ ಒಂದೇ ಒಂದು ಕಿಟಕಿಯಲ್ಲಿ ರಸ್ತೆಯಲ್ಲಿ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಬೆಳಗ್ಗೆ ಎಲ್ಲ ಕಾಲುಗಳಿಗೂ ದಪ್ಪ ಬೂಟು, ಉಣ್ಣೆಯ ಕಾಲುಚೀಲ. ಹೊರಗೆ ಬಕೆಟ್ಟಿನಲ್ಲಿಟ್ಟ ನೀರು ಕಲ್ಲಾಗುವಂಥ ಚಳಿ.

ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ತೂಗುಬಿಟ್ಟಿದ್ದ ಹದಿಮೂರು ಕವರುಗಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯನ್ನು ಗಿರಾಕಿಗೆ ಕೊಡುವಾಗ ಹಾಕುವ ತೆಳು ಪ್ಲಾಸ್ಟಿಕ್ ಕವರುಗಳೇ ಅವು. ಒಂದೊಂದಕ್ಕೂ ಲಾಂಡ್ರಿಯ ನಂಬರ್ ಚೀಟಿ. ಏನು ಅಚ್ಚುಕಟ್ಟು, ಏನು ಚಂದ! ಒಳಗಿದ್ದ ಹದಿಮೂರೂ ಅಕ್ಕನ ಡೇಲಿಯಾ ಗೆಡ್ಡೆಗಳು, ಮತ್ತು ಆ ಡೇಲಿಯಾ ಈ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ.

ಅದರ ಕಥೆ ಸ್ವಲ್ಪ ಹೇಳಬೇಕು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದ ಅಕ್ಕ ಬೀಜದಿಂದ ಡೇಲಿಯಾ ಎಬ್ಬಿಸಲು ಶುರುಮಾಡಿದಳು. ಹನ್ನೊಂದು ವರ್ಷದ ಹಿಂದೆ ನಲವತ್ತು ಸಸಿಗಳಲ್ಲಿ ಒಂದು ಯಾರೂ ಕಂಡಿರದ ಹೂ ಬಿಟ್ಟಿತು. ಬುಡದಲ್ಲಿ ಅಚ್ಚ ಬಿಳುಪು, ಎಸಳಿನ ತುದಿಗೆ ಬಂದಹಾಗೆ ಒಗೆಯುವಾಗ ಬಿಳಿ ಬಟ್ಟೆಗೆ ಕೆಂಪು ಬಟ್ಟೆಯ ಬಣ್ಣ ಹತ್ತಿದಂಥ ನಸುಗೆಂಪು. "ನನ್ನ ಅಂಗಡೀಲಿ ಹಿಂಗಾಗಿದ್ರೆ ಗಿರಾಕಿ ಬೈದು ಹೋಗ್ತಿದ್ರು" ಎಂದು ತಂಗಿ ಆವತ್ತು ನಕ್ಕಿದ್ದಳು. ಹೆಸರಿಡು ಎಂದರೆ ಅಕ್ಕ ಒಪ್ಪಲಿಲ್ಲ. "ಹೆಸರ್ಯಾಕೆ? ನಮ್ದು ಅಂದ್ರೆ ಸಾಕು." ಅಂದಿನಿಂದ ಅದು 'ನಮ್ದು'.

ಹೆಸರಿಗೆ ತಕ್ಕಹಾಗೆ ಅದು ಬೇರೆಯವರದಾಗಲೇ ಇಲ್ಲ. ಬೀದಿ ಕೊನೆಯಲ್ಲಿ ಬೀಜದಂಗಡಿ ಇಟ್ಟಿದ್ದ ಮುದುಕ, ಊರಿಗೆಲ್ಲ ಅಜ್ಜ, ಪ್ರತಿ ವರ್ಷ ನೆಡುವ ಕಾಲಕ್ಕೆ ಕಂಕುಳಲ್ಲೊಂದು ಖಾಲಿ ಕುಂಡ ಇಟ್ಟುಕೊಂಡು ಬರುತ್ತಿದ್ದ. "ಒಂದು ತುಂಡು ಕೊಡಮ್ಮ, ನೋಡ್ಕೊಂಡಿರ್ತೀನಿ." ಅಕ್ಕ ಚಹಾ ಕೊಡುತ್ತಿದ್ದಳು, ಬಿಸ್ಕತ್ತು ಕೊಡುತ್ತಿದ್ದಳು, ತುಂಡು ಮಾತ್ರ ಕೊಡುತ್ತಿರಲಿಲ್ಲ. ಹನ್ನೊಂದು ವರ್ಷವೂ ಕುಂಡ ಖಾಲಿಯಾಗಿಯೇ ವಾಪಸ್ಸು ಹೋಯಿತು. ತನಗೆ ಬೇಕಾದದ್ದಕ್ಕಿಂತ ಹೆಚ್ಚಾದ ಗೆಡ್ಡೆಗಳನ್ನು ಅಕ್ಕ ಹಾರೆಯಲ್ಲಿ ಜಜ್ಜಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು, ಅಷ್ಟು ಜಿಪುಣಿ. ತಂಗಿಯ ಕಣ್ಣಿಗೆ ಅದು ಕಂಡರೂ ಅಕ್ಕನ ಎದುರು ಬಾಯಿ ಬಿಡುವ ಧೈರ್ಯ ಯಾರಿಗಿತ್ತು?

ಡೇಲಿಯಾ ಚಳಿ ತಡೆಯುವ ಜಾತಿಯಲ್ಲ. ನೆಲ ಹೆಪ್ಪುಗಟ್ಟಿದರೆ ಗೆಡ್ಡೆ ಒಳಗೇ ಸತ್ತುಹೋಗುತ್ತದೆ. ಆದ್ದರಿಂದ ಮೊದಲ ಹಿಮಕ್ಕೆ ಎಲೆ ಕಪ್ಪಾದೊಡನೆ ಅಗೆದು, ಬಿಡಿಸಿ, ಮರಳಲ್ಲಿ ಹೂತು ನೆಲಮಾಳಿಗೆಯಲ್ಲಿ ಮಲಗಿಸಬೇಕು. ಈ ಸಲವೂ ಅಕ್ಕ ಅಗೆದಳು. ಒಂದೊಂದಕ್ಕೂ ಕತ್ತಿನ ಹತ್ತಿರ ಚಿಗುರೊಡೆಯುವ ಒಂದು ಕಣ್ಣು ಇರುವಂತೆ ನೋಡಿ ಹದಿಮೂರು ತುಂಡು ಮಾಡಿದಳು, ಹಳೆಯ ಪೇಪರಿನ ಮೇಲೆ ಹರವಿದಳು, ಮರಳಿನ ಡಬ್ಬ ತರಲೆಂದು ಮೆಟ್ಟಿಲಿಳಿಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಸ್ಪತ್ರೆಗೆ ಹೊತ್ತೊಯ್ಯುವಾಗಲೂ ಅದೇ ಗೋಳು. "ಮಣ್ಣು ಒದರು ಸಾಕು. ಮರಳಲ್ಲಿ ಹೂತಿಡು. ಗಾಳಿ ಆಡ್ಲಿ. ತಿಂಗಳಿಗೊಂದ್ಸಲ ಮುಟ್ಟಿ ನೋಡು. ಕೇಳಿಸ್ತಾ?"

ಕೇಳಿಸಿತ್ತು, ಒಂದಕ್ಷರ ಬಿಡದೆ ಕೇಳಿಸಿತ್ತು. ಆದರೆ ಮಣ್ಣು ಮೆತ್ತಿದ ವಸ್ತುವನ್ನು ಒದರಿ ಹಾಗೇ ಇಡುವುದಕ್ಕೆ ತಂಗಿಯ ಕೈ ಒಪ್ಪಬೇಕಲ್ಲ? ಹದಿನಾರು ವರ್ಷ ಕೊಳೆಯ ಜತೆ ಗುದ್ದಾಡಿದ ಕೈ ಅದು. ಅಕ್ಕ ಹೇಳಿದ್ದಕ್ಕಿಂತ ಒಂದು ಕೈ ಮೇಲಾಗಿಯೇ ಮಾಡೋಣ ಎಂದು ಬಕೆಟ್ಟಿನಲ್ಲಿ ಬೆಚ್ಚನೆ ನೀರು ತುಂಬಿ, ಸೋಪು ಕಲಸಿ, ಕಾಲರು ಉಜ್ಜುವ ಮೆತ್ತನೆಯ ಬ್ರಷ್ಷಿನಲ್ಲಿ ಹದಿಮೂರನ್ನೂ ಫಳಫಳ ಹೊಳೆಯುವಂತೆ ತೊಳೆದಳು. ತೊಳೆದದ್ದನ್ನು ಮತ್ತೆ ಮರಳಿಗೆ ಹಾಕುವುದೇ? ಒಳ್ಳೆ ಕಥೆ. ಕವರಿಗೆ ಹಾಕಿ, ಬಾಯಿ ಬಿಗಿದು, ನಂಬರ್ ಚೀಟಿ ಕಟ್ಟಿ ಹಗ್ಗಕ್ಕೆ ತೂಗುಹಾಕಿದಳು. ಆಮೇಲಾಮೇಲೆ ಇಳಿದು ನೋಡಿದಾಗ ಕವರಿನ ಒಳಮೈಯಲ್ಲಿ ಹನಿ ಕಟ್ಟಿತ್ತು. ಸದ್ಯ ಒಣಗಿಲ್ಲ, ತೇವ ಇದೆ ಎಂದು ಸಮಾಧಾನಪಟ್ಟುಕೊಂಡು ಬಿಚ್ಚದೆಯೇ ಮೇಲೆ ಬಂದಿದ್ದಳು.

ಹತ್ತು ವಾರವಾದ ಮೇಲೆ ಇವತ್ತು ಬಿಚ್ಚಿದ್ದಾಳೆ, ಹತ್ತು ಕವರು ಲೋಳೆ. ಹನ್ನೊಂದನೆಯದು, ಹನ್ನೆರಡನೆಯದು ಮೇಲೆ ಗಟ್ಟಿಯಾಗಿ ಕಂಡರೂ ಹೆಬ್ಬೆರಳು ಒತ್ತಿದರೆ ಒಳಕ್ಕೆ ಹೋಯಿತು. ಕೊನೆಗೆ ಉಳಿದದ್ದು ಏಳನೇ ನಂಬರು. ಅದರ ಕವರು ಕ್ಲಿಪ್ಪಿಗೆ ಸಿಕ್ಕಿ ಉದ್ದಕ್ಕೆ ಹರಿದಿತ್ತು. ಬದಲಾಯಿಸಬೇಕು ಬದಲಾಯಿಸಬೇಕು ಎಂದುಕೊಂಡೇ ಮರೆತಿದ್ದ ಕವರು. ಅದೊಂದರಲ್ಲಿ ಮಾತ್ರ ಗಾಳಿಯಾಡಿತ್ತು. ತುದಿ ಅರ್ಧ ಕೊಳೆತಿತ್ತು, ಕತ್ತಿನ ಕಡೆ ಅರ್ಧ ಇನ್ನೂ ಗಟ್ಟಿ. ಇಡೀ ನೆಲಮಾಳಿಗೆಯಲ್ಲಿ ಅವಳ ಅಚ್ಚುಕಟ್ಟು ತಪ್ಪಿದ್ದು ಅದೊಂದೇ ಕಡೆ.

ತಲೆ ಮೇಲೆ ಕೈ ಹೊತ್ತು ಕೂತಳು. ಕೈಯಲ್ಲೆಲ್ಲ ಆ ಲೋಳೆ, ಆ ನಾತ. ಮಾಡಿದ್ದು ತಾನೇ. ಯಾರನ್ನು ಬೈಯಬೇಕು? ಅಷ್ಟರಲ್ಲಿ ಎರಡು ಮಹಡಿ ಮೇಲಿಂದ ಸದ್ದು ಕೇಳಿಸಿತು. ದಡ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ದಡ್. ಅಕ್ಕ ಹಾಸಿಗೆಯಲ್ಲಿ ಕಾಲು ಎತ್ತಿ ಎತ್ತಿ ಇಳಿಸುತ್ತಿದ್ದಳು. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಬಾಗಿಲ ಹೊರಗೆ ತಂಗಿಯನ್ನು ನಿಲ್ಲಿಸಿಕೊಂಡು ಇನ್ನೊಂದು ಮಾತೂ ಹೇಳಿದ್ದರು. "ಈ ವಯಸ್ಸಲ್ಲಿ ಏಳ್ಬೇಕು ಅನ್ನೋ ಹಟ ಇದ್ದವರು ಏಳ್ತಾರೆ. ಇಲ್ಲದವರು ಮಲಗಿದಲ್ಲೇ ಉಳ್ಕೋತಾರೆ." ಅಕ್ಕನಿಗೆ ಹಟವಿತ್ತು. ನೆಡುವ ಕಾಲಕ್ಕೆ ನಾನೇ ಅಗೆದು ನಮ್ದನ್ನ ನೆಡ್ತೀನಿ ಎಂಬುದೊಂದೇ ಹಟ. ಆ ಹಟವೇ ಈಗ ತಂಗಿಯ ಬೆರಳ ಸಂದಿಯಲ್ಲಿ ಲೋಳೆಯಾಗಿ ಸುರಿಯುತ್ತಿತ್ತು.

ಕೈ ತೊಳೆದುಕೊಂಡು, ಮುಖ ಒರೆಸಿಕೊಂಡು ಮೇಲೆ ಹೋದಳು.

"ನೋಡಿದ್ಯಾ? ಹೇಗಿವೆ?" ದಿನವೂ ಕೇಳುವ ಪ್ರಶ್ನೆ.

"ಕಲ್ಲಿನ ಹಾಗಿವೆ." ದಿನವೂ ಹೇಳುವ ಉತ್ತರ.

"ಒಂದು ತಗೊಂಡು ಬಾ. ಮುಟ್ಬೇಕು ಅನ್ಸಿದೆ."

"ಈಗ್ಯಾಕಕ್ಕ, ಕೆಳಗೆ ಚಳಿ..."

"ನಿನಗೆ ಚಳಿಯಾದ್ರೆ ಶಾಲು ಹೊದ್ಕೊಂಡು ಹೋಗು."

ಇಳಿದಳು. ಮರಳಿನ ಇನ್ನೊಂದು ಡಬ್ಬದಲ್ಲಿ ಅಕ್ಕ ಬೀಳುವ ಮುಂಚೆಯೇ ಹೂತಿಟ್ಟಿದ್ದ ಸಾದಾ ಕೆಂಪು ಡೇಲಿಯಾದ ಗೆಡ್ಡೆಗಳಿದ್ದವು, ಎಲ್ಲವೂ ಚೆನ್ನಾಗಿದ್ದವು. ಅವುಗಳಲ್ಲಿ ತೆಳ್ಳಗೆ ಉದ್ದಕ್ಕಿದ್ದ ಒಂದನ್ನು ಆರಿಸಿ ತಂದು ಅಕ್ಕನ ಅಂಗೈಯಲ್ಲಿಟ್ಟಳು. ಅಕ್ಕ ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಅದರ ಕತ್ತನ್ನು ಒಂದು ಸಲ ಸವರಿದಳು.

"ಚೆನ್ನಾಗಿದೆ. ಎಲ್ಲಿತ್ತೋ ಅಲ್ಲೇ ಇಡು" ಎಂದಳು ಅಕ್ಕ, ಗೋಡೆಯ ಕಡೆ ಹೊರಳಿದಳು. ಇನ್ನೊಂದು ಸಲ ತಗೊಂಡು ಬಾ ಎಂದು ಆಮೇಲೆ ಯಾವತ್ತೂ ಹೇಳಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಏಳನೇ ನಂಬರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತಂಗಿ ಬೀಜದಂಗಡಿಗೆ ಓಡಿದಳು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟು ಅತ್ತಳು. ಅಜ್ಜ ಕನ್ನಡಕ ಏರಿಸಿ ನೋಡಿದ, ಮೂಸಿದ.

"ಸೋಪಿನ ವಾಸನೆ ಬರ್ತಿದ್ಯಲ್ಲಮ್ಮ?"

ನಡೆದದ್ದೆಲ್ಲ ಹೇಳಿದಳು. ಅಜ್ಜ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಒಂದೇ ಒಂದು ತುಂಡು ಕೊಟ್ಟಿದ್ರೆ ಇವತ್ತು ನನ್ ಹತ್ರ ಇರ್ತಿತ್ತು. ಎದ್ದು ಒಳಗೆ ಹೋಗಿ ತಂದುಕೊಡ್ತಿದ್ದೆ." ಅವನು ಹಂಗಿಸಿದ್ದರೆ ವಾಸಿಯಿತ್ತು, ಅವನ ದನಿಯಲ್ಲಿ ಹಂಗಿಸುವುದು ಚೂರೂ ಇರಲಿಲ್ಲ.

ಚಾಕು ತೆಗೆದು, ಬೆಳ್ಳಗಿನ ತಿರುಳು ಕಾಣುವ ತನಕ ಕೊಳೆತದ್ದನ್ನು ಅಜ್ಜ ಹೆರೆದ. ಹೆರೆದು ಹೆರೆದು ಹೆಬ್ಬೆರಳಷ್ಟು ಉಳಿಯಿತು. ಗಾಯಕ್ಕೆ ಇದ್ದಿಲ ಪುಡಿ ಒತ್ತಿದ. ಕತ್ತಿನ ಮೇಲೆ ಭೂತಗನ್ನಡಿ ಹಿಡಿದು, "ಕಣ್ಣು ಉಳ್ಕೊಂಡಿದ್ಯೋ ಇಲ್ವೋ ಹೇಳಕ್ಕಾಗಲ್ಲ" ಎಂದ. "ಕಣ್ಣಿಲ್ದಿದ್ರೆ ಎಷ್ಟು ದಪ್ಪ ಗೆಡ್ಡೆಯಾದ್ರೂ ಚಿಗುರಲ್ಲ. ಇದನ್ನ ಇನ್ನು ಮಲಗಿಸ್ಬೇಡ, ನೆಡೋ ಕಾಲದ ತನಕ ಉಳಿಯಲ್ಲ. ಈಗ್ಲೇ ಎಬ್ಬಿಸ್ಬೇಕು. ಕೆಳಗಿಂದ ಬಿಸಿ ತಾಗ್ಬೇಕು. ನಿನ್ನ ಅಂಗಡೀಲಿ ಬಾಯ್ಲರ್ ಇದ್ಯಲ್ಲ?"

ಇತ್ತು. ಇಸ್ತ್ರಿ ಮೇಜಿನ ಹಿಂದೆ ನೀರು ಕಾಯುವ ಬಾಯ್ಲರ್, ಅದರ ಮೇಲೊಂದು ಹಲಗೆ. ಅಜ್ಜ ಕೊಟ್ಟ ಪುಟ್ಟ ಕುಂಡದಲ್ಲಿ ಮರಳು ಮಣ್ಣು ಬೆರೆಸಿ, ಕತ್ತು ಮೇಲೆ ಕಾಣುವ ಹಾಗೆ ಆ ಹೆಬ್ಬೆರಳಷ್ಟನ್ನು ಕೂರಿಸಿ, ಹಲಗೆಯ ಮೇಲಿಟ್ಟು, ಗಿರಾಕಿಗಳ ಕಣ್ಣಿಗೆ ಬೀಳದಂತೆ ಮುಂದೆ ಗಂಜಿಪುಡಿಯ ಡಬ್ಬ ಅಡ್ಡ ಇಟ್ಟಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಒಂದು ಷರಟು ಇಸ್ತ್ರಿಯಾದರೆ ಒಂದು ಸಲ ಎದ್ದು ಕುಂಡ ನೋಡುವುದು, ಇನ್ನೊಂದು ಷರಟು, ಇನ್ನೊಂದು ಸಲ. ಹತ್ತು ದಿನ ಏನೂ ಇಲ್ಲ. ಹದಿನೈದು ದಿನ, ಏನೂ ಇಲ್ಲ. "ಎದ್ದೇಳೇ, ಮಹಾರಾಣಿ" ಎಂದು ಬೈದಳು. "ತಪ್ಪಾಯ್ತು ಕಣಮ್ಮ, ಎದ್ದೇಳು" ಎಂದು ಬೇಡಿದಳು. ನೀರು ಹೆಚ್ಚಾಯಿತೇನೋ ಎಂಬ ಭಯ, ಕಮ್ಮಿಯಾಯಿತೇನೋ ಎಂಬ ಭಯ. ಊಟ ಸೇರಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಶಾಲೆಯ ಮೇಷ್ಟ್ರೊಬ್ಬರ ಬಿಳಿ ಷರಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಬಿತ್ತು. ಆ ಮೇಷ್ಟ್ರು, ಪಾಪ, "ಹೋಗ್ಲಿ ಬಿಡಮ್ಮ, ಮೇಲೆ ಕೋಟು ಹಾಕ್ತೀನಿ" ಎಂದರು. ಅವರು ಬೈದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಅವಳ ಕಿವಿಯೆಲ್ಲ ಮಾಳಿಗೆಯ ಮೇಲಿತ್ತು. ದಡ್. ದಡ್. ಮೊದಲು ಹತ್ತು ಸಲ ಇದ್ದದ್ದು ಈಗ ಹದಿನೈದಕ್ಕೆ ಏರಿತ್ತು. ಅಕ್ಕ ಗಟ್ಟಿಯಾಗಿ ಎಣಿಸುತ್ತಿದ್ದಳು. ಒಂದೊಂದು ಸದ್ದೂ ತನ್ನ ನೆತ್ತಿಯ ಮೇಲೇ ಬೀಳುತ್ತಿದೆ ಎನ್ನಿಸುತ್ತಿತ್ತು.

"ಹೇಗಿವೆ?"

"ಕಲ್ಲಿನ ಹಾಗಿವೆ."

ಇಪ್ಪತ್ಮೂರನೇ ದಿನ ಬೆಳಗ್ಗೆ ಬಾಯ್ಲರ್ ಹಚ್ಚಿ ನೋಡಿದರೆ ಗೆಡ್ಡೆಯ ಕತ್ತಿನಲ್ಲಿ ಸಾಸಿವೆ ಕಾಳಿನಷ್ಟು ಕೆನ್ನೇರಳೆ ಉಬ್ಬು. ಉಗುರಲ್ಲಿ ಮುಟ್ಟಲೂ ಹೆದರಿಕೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಅದು ಕಣ್ಣೇ, ಎಚ್ಚರವಾದ ಕಣ್ಣು! ಒಗೆಯಲು ಬಂದಿದ್ದ ಯಾರದೋ ಬೆಡ್‌ಶೀಟಿನಲ್ಲಿ ಮುಖ ಹುದುಗಿಸಿಕೊಂಡು ಸದ್ದಿಲ್ಲದೆ ಅತ್ತಳು. ಮೇಲೆ ಓಡಿಹೋಗಿ ಹೇಳೋಣವೆಂದು ನಾಲ್ಕು ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತಳು. ಏನೆಂದು ಹೇಳುವುದು? ಹದಿಮೂರರಲ್ಲಿ ಒಂದು ಬದುಕಿದೆ ಎನ್ನಬೇಕಾದರೆ ಹನ್ನೆರಡು ಸತ್ತವು ಎನ್ನಬೇಕು. ಇಳಿದು ಬಂದು ಇಸ್ತ್ರಿಪೆಟ್ಟಿಗೆ ಹಿಡಿದಳು.

ಚಿಗುರು ದಿನಕ್ಕಿಷ್ಟು ಬೆಳೆದು ಮೂರು ಬೆರಳು ಎತ್ತರವಾಯಿತು, ಎರಡು ಜೊತೆ ಎಲೆ ಬಿಟ್ಟಿತು. ಇನ್ನೇನು ಗೆದ್ದೆ ಎಂದುಕೊಂಡ ದಿನವೇ ಮಣ್ಣು ಸರಿಸಿ ಗೆಡ್ಡೆ ಮುಟ್ಟಿ ನೋಡಿದಳು. ಬೆರಳು ಒಳಕ್ಕೆ ಹೋಯಿತು. ಕೊಳೆ ಮತ್ತೆ ಹತ್ತಿತ್ತು. ಕೆಳಗಿಂದ ಕತ್ತಿನ ಕಡೆಗೆ ಏರುತ್ತಿತ್ತು.

ಅಜ್ಜನನ್ನು ಅಂಗಡಿಗೇ ಕರೆತಂದಳು. ಅವನು ನೋಡಿ ತಲೆಯಾಡಿಸಿದ. "ಗೆಡ್ಡೆ ಕಥೆ ಮುಗೀತು. ಇದು ಒಂದೆರಡು ದಿನದಲ್ಲಿ ಕುಡಿಗೂ ಹತ್ತುತ್ತೆ. ಕುಡೀನ ಈಗ್ಲೇ ಕೊಯ್ದು ಮರಳಲ್ಲಿ ಬೇರು ಬಿಡಿಸ್ಬೇಕು. ಗಿಣ್ಣಿನ ಕೆಳಗೆ ಕೂದಲೆಳೆಯಷ್ಟು ಬಿಟ್ಟು ಒಂದೇ ಏಟಿಗೆ ಕೊಯ್ಬೇಕು. ಮೇಲಾದ್ರೆ ಬೇರು ಬರಲ್ಲ, ಕೆಳಗಾದ್ರೆ ಕೊಳೆ ಬರುತ್ತೆ. ಜಜ್ಜಿದ್ರಂತೂ ಮುಗಿದೇಹೋಯ್ತು."

"ಹಾಗಾದ್ರೆ ಕೊಯ್ಯಿ ಅಜ್ಜಾ!"

ಅವನು ಎರಡೂ ಕೈ ಚಾಚಿ ತೋರಿಸಿದ. ಎಂಬತ್ತು ವರ್ಷದ ಕೈ; ಬೆರಳು ಒಂದು ಕಡೆ ನಿಲ್ಲುತ್ತಿರಲಿಲ್ಲ. "ಇರೋದು ಒಂದೇ ಕುಡಿ. ನನ್ ಕೈಗೆ ಕೊಡ್ಬೇಡ. ಈ ಬೀದೀಲಿ ಡೇಲಿಯಾ ಕುಡಿ ಕೊಯ್ಯೋ ಕೈ ಇನ್ನೊಂದಿದೆ. ಯಾರದು ಅಂತ ನಿನಗೂ ಗೊತ್ತು."

ಗೊತ್ತಿತ್ತು. ಹೊಸ ಬ್ಲೇಡು ಒಂದು, ಮರಳು ತುಂಬಿದ ಲೋಟ ಒಂದು, ಖಾಲಿ ಗಾಜಿನ ಲೋಟ ಒಂದು, ಕುಂಡ, ಎಲ್ಲ ತಟ್ಟೆಯಲ್ಲಿಟ್ಟುಕೊಂಡು ತಂಗಿ ಹದಿನಾಲ್ಕು ಮೆಟ್ಟಿಲು ಹತ್ತಿದಳು. ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಹೋದಳು. ಅಕ್ಕ ಹದಿನೇಳು, ಹದಿನೆಂಟು ಎಂದು ಎಣಿಸುತ್ತಿದ್ದಳು.

"ಅಕ್ಕ. ನಿನಗೊಂದು ನಿಜ ಹೇಳ್ಬೇಕು."

ಎತ್ತಿದ್ದ ಕಾಲು ಅಲ್ಲೇ ನಿಂತಿತು. ಮರುಕ್ಷಣ ಅಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬೇಡ. ಹೇಳ್ಬೇಡ."

"ಅಕ್ಕ, ಕೇಳು..."

"ಹೇಳ್ಬೇಡ್ವೇ!" ಅಕ್ಕ ಕಿರುಚಿದಳು. ಅವಳು ಕಿರುಚಿದ್ದನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಅವತ್ತು ನೀನು ಕೆಂಪು ಗೆಡ್ಡೆ ತಂದು ನನ್ ಕೈಲಿಟ್ಯಲ್ಲ, ಅವತ್ತೇ ಗೊತ್ತಾಯ್ತು. ನಮ್ದರ ಕತ್ತು ನನಗೆ ಗೊತ್ತಿಲ್ವಾ? ಏನೋ ಆಗಿದೆ ಅಂತ ಗೊತ್ತಾಯ್ತು. ಆದ್ರೆ ನೀನು ದಿನಾ ಬಂದು ಕಲ್ಲಿನ ಹಾಗಿವೆ ಅಂತಿದ್ದೆ. ಇವಳು ಸುಳ್ಳು ಹೇಳ್ತಿರೋವರೆಗೂ ಎಲ್ಲೋ ಒಂದು ಚೂರಾದ್ರೂ ಇದೆ, ಇವಳು ಏನೋ ಮಾಡ್ತಿದ್ದಾಳೆ ಅಂದ್ಕೊಂಡು ನಾನು ಕಾಲು ಎತ್ತುತಿದ್ದೆ. ನಿಜ ಹೇಳಕ್ಕೆ ಬಂದಿದ್ಯ ಅಂದ್ರೆ ಮುಗೀತು ತಾನೆ? ಹೋಗು. ಬಾಗಿಲು ಹಾಕ್ಕೊಂಡು ಹೋಗು."

ತಂಗಿ ಹೊರಗೆ ಹೋಗಿ, ತಟ್ಟೆ ತಂದು ಹಾಸಿಗೆಯ ಮೇಲಿಟ್ಟಳು. ಅಕ್ಕ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದಳು. ಆಮೇಲೆ ಮಣ್ಣಿನ ವಾಸನೆಗೋ ಏನೋ ಕತ್ತು ತಿರುಗಿತು. ಕಿವಿ ಮೇಲಿದ್ದ ಕೈ ಕೆಳಗಿಳಿಯಿತು.

"ಎಷ್ಟು ಉಳಿದಿದೆ?"

"ಇಷ್ಟೇ. ಗೆಡ್ಡೇನೂ ಕೊಳೀತಿದೆ. ಇವತ್ತೇ ಕೊಯ್ಬೇಕಂತೆ."

"ಏನು ಮಾಡ್ದೆ ಉಳಿದದ್ದಕ್ಕೆಲ್ಲ?"

"ತೊಳ್ದೆ."

"ತೊಳ್ದ್ಯಾ?"

"ಸೋಪು ಹಾಕಿ. ಕವರಲ್ಲಿಟ್ಟೆ."

ಅಕ್ಕ ಅವಳನ್ನೇ ನೋಡಿದಳು. ಬೈಗುಳ ಬರುತ್ತದೆ ಎಂದು ತಂಗಿ ತಲೆ ತಗ್ಗಿಸಿ ನಿಂತಳು. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕನ ಕಣ್ಣಿಂದ ನೀರು ಕೆನ್ನೆಗಿಳಿದು ದಿಂಬಿನ ಮೇಲೆ ಬಿತ್ತು. "ಹನ್ನೊಂದು ವರ್ಷ ಅಜ್ಜ ಕುಂಡ ಹಿಡ್ಕೊಂಡು ಬಂದ" ಎಂದಳು. "ನೀನು ತೊಳೆದು ಕೊಂದೆ. ನಾನು ಯಾರಿಗೂ ಕೊಡದೆ ಕೊಂದೆ. ಬ್ಲೇಡು ಕೊಡು."

ಬೆನ್ನಿಗೆ ಎರಡು ದಿಂಬು ಇಟ್ಟು ಕೂರಿಸಿದಳು. ಅಕ್ಕ ಎಡಗೈಯ ಎರಡು ಬೆರಳಲ್ಲಿ ಕುಡಿಯನ್ನು ಹಿಡಿದಳು. ಮಲಗಿ ಮಲಗಿ ಸೊರಗಿದ ಕೈ, ಆದರೆ ಬ್ಲೇಡು ಹಿಡಿದ ಕೂಡಲೇ ಅದರ ಹಳೆಯ ಗತ್ತು ಬಂತು. ತಂಗಿ ಕಣ್ಣು ಮುಚ್ಚಿಕೊಂಡಳು. ಸದ್ದೇ ಆಗಲಿಲ್ಲ. ಕಣ್ಣು ಬಿಟ್ಟಾಗ ಕುಡಿ ಅಕ್ಕನ ಅಂಗೈಯಲ್ಲಿತ್ತು, ಕೊಯ್ದ ಜಾಗ ಹಸಿರಾಗಿ, ಒಂದು ಚೂರೂ ಕಂದು ಇಲ್ಲದೆ. ಅಕ್ಕ ಕೆಳಗಿನ ಜೊತೆ ಎಲೆ ಚಿವುಟಿ, ಬೆರಳಿಂದ ಮರಳಿನಲ್ಲಿ ತೂತು ಮಾಡಿ ಕೂರಿಸಿ, ಗಾಜಿನ ಲೋಟ ಕವುಚಿದಳು. ತಂಗಿ ಕುಂಡದಿಂದ ಹಳೆಯ ಗೆಡ್ಡೆ ಎತ್ತಲು ಹೋದರೆ ಅದು ಬೆರಳಲ್ಲೇ ಕರಗಿಹೋಯಿತು. ಹನ್ನೊಂದು ವರ್ಷದ 'ನಮ್ದು' ಈಗ ಎರಡೆಲೆಯ, ಬೇರಿಲ್ಲದ, ಬೆರಳುದ್ದದ ಒಂದು ಕಡ್ಡಿ.

"ಇದು ಬಿಸಿ ಇರೋ ಕಡೆ ಇರ್ಬೇಕು. ಕೆಳಗೆ ತಗೊಂಡು ನಡಿ" ಎಂದಳು ಅಕ್ಕ. "ನಾನೂ ಬರ್ತೀನಿ."

"ಅಕ್ಕ, ಹದಿನಾಲ್ಕು ಮೆಟ್ಟಿಲು."

"ನಿನ್ನ ಕೈಗೆ ಬಿಡ್ತೀನಿ ಅಂದ್ಕೊಂಡ್ಯಾ? ನಾಳೆ ಮರಳನ್ನೂ ತೊಳೀತೀಯ ನೀನು."

ಮೆಟ್ಟಿಲ ಮೇಲೆ ಕೂತು, ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲು ಸರಿಯುತ್ತಾ ಅಕ್ಕ ಇಳಿದಳು. ಪ್ರತಿ ಮೆಟ್ಟಿಲಿಗೂ ಹಲ್ಲು ಕಚ್ಚಿ "ಅಮ್ಮಾ" ಎನ್ನುತ್ತಿದ್ದಳು. ನಡುವೆ ಎರಡು ಸಲ ಆಗಲ್ಲ ಎಂದು ಗೋಡೆಗೆ ಒರಗಿಬಿಟ್ಟಳು. ಕೆಳಗೆ ಮುಟ್ಟುವಾಗ ಅವಳ ಸೀರೆ ಬೆವರಿನಲ್ಲಿ ತೊಯ್ದಿತ್ತು.

ಅಂದಿನಿಂದ ಬಾಯ್ಲರ್ ಪಕ್ಕದ ಕುರ್ಚಿಯೇ ಅಕ್ಕನ ಜಾಗ. ಎರಡನೇ ದಿನ ಎಲೆಗಳು ಜೋತುಬಿದ್ದವು. ಮೂರನೇ ದಿನವೂ ಹಾಗೇ. ಒಬ್ಬರ ಮುಖ ಒಬ್ಬರು ನೋಡುವುದಕ್ಕೂ ಹೆದರಿಕೆ. ನಾಲ್ಕನೇ ದಿನ ಒಂದು ಎಲೆ ಹಳದಿಯಾಗಿ ಉದುರಿತು. ಉಳಿದದ್ದು ಒಂದು ಎಲೆ ಮತ್ತು ಗುಂಡುಸೂಜಿಯ ತಲೆಯಷ್ಟು ಸುಳಿ. ದಿನಕ್ಕೆರಡು ಸಲ ಅಕ್ಕ ಲೋಟ ಎತ್ತಿ ಒಳಗಿನ ಹನಿ ಒರೆಸಿ ಮತ್ತೆ ಕವುಚುತ್ತಿದ್ದಳು. ಆ ಹನಿಗಳನ್ನು ಕಂಡಾಗಲೆಲ್ಲ ತಂಗಿ ಮುಖ ಆಚೆ ತಿರುಗಿಸುತ್ತಿದ್ದಳು. ಹದಿನೈದು ದಿನ ಆ ಎಲೆ ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ ಎಂಬ ಹಾಗೆ ನಿಂತಿತ್ತು.

ಇಪ್ಪತ್ತನೇ ದಿನ ಬೆಳಗ್ಗೆ ಅಕ್ಕ ಲೋಟ ಎತ್ತಿ ಪಕ್ಕಕ್ಕಿಟ್ಟಳು. "ಇಸ್ತ್ರಿ ಕೆಳಗಿಡು. ಇಲ್ಲಿ ಬಾ."

ಬಂದಳು.

"ಎಲೆ ಹಿಡಿದು ಮೆತ್ತಗೆ ಮೇಲಕ್ಕೆ ಎಳಿ. ಬೇರು ಬಂದಿದ್ರೆ ಬಿಗಿ ಹಿಡಿಯುತ್ತೆ. ಬರ್ದಿದ್ರೆ ಕೈಗೆ ಬರುತ್ತೆ."

"ನಾನಾ? ನಂಗಾಗಲ್ಲಕ್ಕ. ನೀನೇ ಎಳಿ."

"ನನ್ ಕೈಲಿ ಆಗಲ್ವೇ." ಅಕ್ಕ ಎರಡೂ ಕೈಯನ್ನು ಮಡಿಲಲ್ಲಿ ಬಿಗಿದುಕೊಂಡಳು. "ಎಳಿ. ನೋಡ್ಲೇಬೇಕಲ್ಲ."

ತಂಗಿ ಸೆರಗಿಗೆ ಕೈ ಒರೆಸಿಕೊಂಡು ಎಲೆಯನ್ನು ಹಿಡಿದಳು. ಹದಿನಾರು ವರ್ಷ ಒದ್ದೆ ಬಟ್ಟೆ ಹಿಂಡಿದ ಆ ಬೆರಳುಗಳಿಗೆ ಅಷ್ಟು ಮೆತ್ತಗೆ ಎಳೆಯುವುದು ಗೊತ್ತೇ ಇರಲಿಲ್ಲ. ಉಸಿರು ಹಿಡಿದು ಎಳೆದಳು. ಎಲೆ ಬಿಗಿಯಾಯಿತು. ಕಡ್ಡಿ ಅಲುಗಲಿಲ್ಲ. ಇನ್ನೊಂದು ಚೂರು ಎಳೆದಳು. ಮರಳೊಳಗೆ ಯಾರೋ ಆ ಕಡೆಯಿಂದಲೂ ಹಿಡಿದುಕೊಂಡಿದ್ದರು.

"ಅಕ್ಕ. ಬಿಡ್ತಿಲ್ಲ. ಬಿಡ್ತಿಲ್ಲ ಕಣೇ!"

"ಹಾಗಾದ್ರೆ ನೀನು ಬಿಡೇ, ಕಿತ್ತುಹಾಕ್ತೀಯ!" ಎಂದು ಅಕ್ಕ ಅವಳ ಕೈ ತಟ್ಟಿ, ಆ ಕೈಯನ್ನು ಹಾಗೇ ಹಿಡಿದುಕೊಂಡು ಗಳಗಳನೆ ಅತ್ತಳು. ತಂಗಿಯೂ ಅತ್ತಳು. ಬಾಗಿಲಲ್ಲಿ ಬಟ್ಟೆ ಗಂಟು ಹಿಡಿದು ಬಂದ ಗಿರಾಕಿಯೊಬ್ಬರು ಯಾರೋ ಹೋಗಿಬಿಟ್ಟರೇನೋ ಎಂದು ಚಪ್ಪಲಿ ಬಿಚ್ಚಿ ಸುಮ್ಮನೆ ನಿಂತರು.

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಅಂಗಡಿ ನಾನು ನೋಡ್ಕೋತೀನಿ, ಇವರ ಬಟ್ಟೆ ನಾನೇ ಎಣಿಸ್ಕೋತೀನಿ. ನೀನು ಅಜ್ಜನ ಹತ್ರ ಹೋಗು. ಇದು ನಾಲ್ಕೆಲೆ ಬಿಟ್ಟ ಮೇಲೆ ಸುಳಿ ಕೊಯ್ತೀನಿ, ಮೊದಲನೇ ಸುಳಿ ಅವರಿಗೆ ಅಂತ ಹೇಳು."

ತಂಗಿ ಚಪ್ಪಲಿ ಮೆಟ್ಟಿ ಹೊರಟಳು. ರಸ್ತೆಗಿಳಿಯುವಷ್ಟರಲ್ಲಿ ಒಳಗಿಂದ ಮತ್ತೆ ಕೂಗು ಬಂತು.

"ಕುಂಡ ತರಕ್ಕೆ ಹೇಳೇ. ಯಾವಾಗ್ಲೂ ತರ್ತಿದ್ರಲ್ಲ, ಅದೇ ಕುಂಡ."